ಬಂದರಿನ ರಂಗೂನ್ ಹೋಟೆಲು

ಮಗ್ದಲೀನ್ ಟೀಚರು ಒಬ್ಬಳೇ ಹೋಟೆಲಿಗೆ ಹೋಗುತ್ತಾಳೆ ಎಂಬ ಮಾತು ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಹಬ್ಬಿದ್ದು ಐವತ್ತಾರನೆಯ ಇಸವಿಯ ಸುಮಾರಿಗೆ. ಆಗ ಅವಳಿಗೆ ಇಪ್ಪತ್ತೆಂಟು. ಮದುವೆಯಾಗಿರಲಿಲ್ಲ. ಅಣ್ಣ ಪೌಲನ ಮನೆಯ ಹಿಂಬದಿಯ ಕೋಣೆಯಲ್ಲಿದ್ದುಕೊಂಡು ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ಪಾಠ ಹೇಳುತ್ತಿದ್ದಳು. ಗಂಡಸರ ಜೊತೆಯಿಲ್ಲದೆ ಹೆಂಗಸು ಹೋಟೆಲಿನ ಮೆಟ್ಟಿಲು ಹತ್ತುವ ಕಾಲ ಅದಲ್ಲ. ಹತ್ತಿದರೂ ಪರದೆ ಬಿಟ್ಟ ಫ್ಯಾಮಿಲಿ ರೂಮಿನಲ್ಲಿ ಕುಳಿತು ಬೇಗ ಬೇಗ ಕಾಫಿ ಕುಡಿದು ಇಳಿದುಬಿಡಬೇಕು. ಮಗ್ದಲೀನ್ ಹಾಗೆ ಮಾಡುತ್ತಿರಲಿಲ್ಲ. ನೇರ ಗಲ್ಲಾಪೆಟ್ಟಿಗೆಯ ಮುಂದೆ ನಿಂತು, "ಇಲ್ಲಿ ಚೈನೀಸ್ ಊಟ ಸಿಗ್ತದಾ?" ಎಂದು ಕೇಳುತ್ತಿದ್ದಳು.

ಹೆಚ್ಚಿನ ಕಡೆ ಆ ಪದವೇ ಅರ್ಥವಾಗುತ್ತಿರಲಿಲ್ಲ. ಒಬ್ಬ ಮಾಲಿಕ ಚೀನಿ ಪಿಂಗಾಣಿ ಬಟ್ಟಲು ಕೇಳುತ್ತಿದ್ದಾಳೆಂದು ತಿಳಿದು ಪಾತ್ರೆ ಅಂಗಡಿಯ ದಾರಿ ತೋರಿಸಿದ್ದ. ಹಂಪನಕಟ್ಟೆಯ ಒಂದು ಹೋಟೆಲಿನಲ್ಲಿ ಮಾತ್ರ, "ಉಂಟು, ಉಂಟು, ಕೂತ್ಕೊಳ್ಳಿ" ಎಂದು ಒಳಗೆ ಕರೆದು, ಪಾಯಸದ ಶ್ಯಾವಿಗೆಗೆ ಎಲೆಕೋಸು, ಟೊಮೆಟೊ ಹಾಕಿ, ಕೆಂಪು ಬಣ್ಣ ಕಲಸಿ ತಂದಿಟ್ಟರು. ಸಾಸಿವೆ ಒಗ್ಗರಣೆಯೂ ಇತ್ತು. ಅವಳು ಒಂದು ತುತ್ತು ಬಾಯಿಗಿಟ್ಟು ಚಮಚ ಕೆಳಗಿಟ್ಟಳು. ಬಂದರಿನ ಕಡೆ 'ಸಿಂಗಾಪುರ ಕೆಫೆ' ಎಂಬ ಬೋರ್ಡು ಕಂಡು ಒಂದು ಸಂಜೆ ಅಲ್ಲಿಗೂ ಹೋದಳು. ಅಲ್ಲಿದ್ದದ್ದು ಚಹಾ ಮತ್ತು ಗೋಳಿಬಜೆ. ಮಾಲಿಕನ ಮಾವ ಯಾವುದೋ ಕಾಲದಲ್ಲಿ ಸಿಂಗಾಪುರಕ್ಕೆ ಹೋಗಿದ್ದನಂತೆ, ತಿರುಗಿ ಬಂದಿರಲಿಲ್ಲವಂತೆ.

"ನಿನಗೆ ಎಂತ ಹುಚ್ಚು ಮಾರಾಯ್ತಿ?" ಎಂದು ಅತ್ತಿಗೆ ಜೆಸ್ಸಿ ಸಿಡುಕುತ್ತಿದ್ದಳು. "ಮನೆಯಲ್ಲಿ ಮೀನು ಉಂಟು, ಸಾನ್ನ ಉಂಟು. ಅದು ಬಿಟ್ಟು ಹೋಟೆಲು ಹೋಟೆಲು ತಿರುಗ್ತೀಯಲ್ಲ. ನಾಳೆ ಯಾರಾದ್ರೂ ನಿನಗೆ ಗಂಡು ತರ್ತಾರಾ?"

ಕಾರಣ ಹೇಳಿದರೂ ಜೆಸ್ಸಿಗೆ ಅರ್ಥವಾಗುತ್ತಿರಲಿಲ್ಲ. ಪೌಲನಿಗೂ ಅಷ್ಟೆ. ಅವನು ಚಿಕ್ಕಂದಿನಿಂದ ಮಂಗಳೂರಿನ ಬೋರ್ಡಿಂಗಿನಲ್ಲಿದ್ದು ಓದಿದವನು. ರಂಗೂನಿನಲ್ಲಿ ಹುಟ್ಟಿ ಅಲ್ಲೇ ಹದಿನಾಲ್ಕು ವರ್ಷ ಬೆಳೆದವಳು ಮಗ್ದಲೀನ್ ಒಬ್ಬಳೇ. ಅಪ್ಪ ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ. ಅವರ ಮನೆ ಚೀನೀಯರ ಬೀದಿಯಲ್ಲಿ, ನೂಡಲ್ಸ್ ಅಂಗಡಿಯೊಂದರ ಮಾಳಿಗೆಯ ಮೇಲೆ ಇತ್ತು. ಬೆಳಿಗ್ಗೆ ಏಳುವಾಗಲೇ ನೆಲದ ಹಲಗೆಯ ಸಂದಿನಿಂದ ಎಲುಬಿನ ಸಾರಿನ ಹಬೆ ಮೇಲೆ ಬರುತ್ತಿತ್ತು. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬರುವಾಗ ಅಮ್ಮ ಅವಳನ್ನು ಬೀದಿಯ ಮೂಲೆಯ ಬರ್ಮೀ ಹೆಂಗಸಿನ ಬಳಿ ಮೊಹಿಂಗಾ ತಿನ್ನಲು ಕರೆದೊಯ್ಯುತ್ತಿದ್ದಳು. ಅಕ್ಕಿಯ ಶ್ಯಾವಿಗೆಯ ಮೇಲೆ ಸುರಿದ, ಬಾಳೆದಂಡು ಹಾಕಿದ ಬಿಸಿ ಮೀನಿನ ಸಾರು ಅದು. ಅಮ್ಮ ಮನೆಯಲ್ಲಿ ಮಾಡುತ್ತಿದ್ದದ್ದು ಕೊಂಕಣಿ ಅಡಿಗೆ ಮಾತ್ರ. ಮೊಹಿಂಗಾ ತಿನ್ನುವಾಗ ಮಾತ್ರ ಅವಳು ಸೆರಗು ಸರಿಮಾಡಿಕೊಳ್ಳುವುದನ್ನೂ ಮರೆತು, ಬೀದಿಯ ಮೋಟು ಸ್ಟೂಲಿನ ಮೇಲೆ ಕುಳಿತು, ಮಗಳ ಜೊತೆ ಹುಡುಗಿಯ ಹಾಗೆ ನಗುತ್ತಿದ್ದಳು.

ನಲವತ್ತೆರಡರಲ್ಲಿ ಜಪಾನಿನವರ ಬಾಂಬು ಬಿತ್ತು. ಊರಿಗೆ ಊರೇ ಎದ್ದು ನಡೆಯಿತು. ಅಪ್ಪ, ಅಮ್ಮ, ಮಗಳು ಭಾರತದ ಕಡೆಗೆ ಅರಾಕಾನಿನ ಗುಡ್ಡ ಹತ್ತಿದರು. ಮಂಗಳೂರು ತಲುಪಿದ್ದು ಅಪ್ಪ ಮತ್ತು ಮಗಳು. ಮುಂದಿನ ಮಳೆಗಾಲಕ್ಕೆ ಅಪ್ಪನೂ ಹೋದ. ಹೋಗುವವರೆಗೂ ಆ ದಾರಿಯ ಬಗ್ಗೆ ಒಂದು ಮಾತಾಡಲಿಲ್ಲ, ಮಗಳಿಗೂ ಆಡಲು ಬಿಡಲಿಲ್ಲ. "ಅದು ಮುಗಿಯಿತು" ಎನ್ನುತ್ತಿದ್ದ.

ಬರ್ಮಾದ ಊಟ ಎಂದು ಕೇಳಿದರೆ ಮಂಗಳೂರಿನಲ್ಲಿ ಯಾರಿಗೂ ತಿಳಿಯಲಾರದು, ಚೈನೀಸ್ ಎಂದರೆ ಬೊಂಬಾಯಿಗೆ ಹೋಗಿಬಂದ ನಾಲ್ಕು ಜನರಿಗಾದರೂ ಗೊತ್ತಿದ್ದೀತು ಎಂದು ಅವಳು ಹಾಗೆ ಕೇಳುತ್ತಿದ್ದಳು. ಕೆಳಗಿನ ಅಂಗಡಿಯ ಆ ಹಬೆಯಾದರೂ ಸಿಗಲಿ ಎಂಬ ಆಸೆ. ವರ್ಷಗಳು ಹೋದವು. ಬೊಂಬಾಯಿಯಲ್ಲಿ ಬ್ಯಾಂಡು ಬಾರಿಸುತ್ತಿದ್ದ ಪೌಲನ ಗೆಳೆಯ ಸೈಮನ್ ಊರಿಗೆ ಬಂದಾಗ ಒಂದು ಮದುವೆಯಲ್ಲಿ ಚೈನೀಸ್ ಸೂಪು ಮಾಡಿಸಿದ. ಮೆಕ್ಕೆಜೋಳದ ಹಿಟ್ಟು ಕದಡಿದ ಕೋಳಿಸಾರು. ಅದನ್ನೂ ಅವಳು ತುಟಿಗೆ ತಾಗಿಸಿ ಬದಿಗಿಟ್ಟಳು. ಅರವತ್ತೆರಡರಲ್ಲಿ ಚೀನಾದ ಜೊತೆ ಯುದ್ಧವಾದ ಮೇಲೆ ಹಾಗೆ ಕೇಳುವುದೇ ತಪ್ಪಾಯಿತು. ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ಅವಳ ಮುಖ ನೋಡಿದರು. ಅಂದಿನಿಂದ ಅವಳು ಹುಡುಕುವುದನ್ನು ಬಿಟ್ಟಳು.

ಅರವತ್ತನಾಲ್ಕರ ಕೊನೆಯಲ್ಲಿ ಒಂದು ಬೆಳಿಗ್ಗೆ ಮೀನಿನ ಅಮ್ಮಣಿ ಬುಟ್ಟಿ ಇಳಿಸಿ, ಜೆಸ್ಸಿಯ ಜೊತೆ ಚೌಕಾಸಿ ಮಾಡುತ್ತ, ಬಂದರಿನಲ್ಲಿ ಕಂಡದ್ದನ್ನು ಹೇಳಿ ನಗುತ್ತಿದ್ದಳು.

"ಒಬ್ಬಳು ಹೊಸಬಳು ಬಂದಿದ್ದಾಳಮ್ಮಾ, ಮೊಯ್ದೀನಬ್ಬ ಬ್ಯಾರಿಯ ಹೆಂಡತಿ. ಮೂಗು ಚಪ್ಪಟೆ, ಮಾತು ಹಕ್ಕಿಯ ಹಾಗೆ. ಒಳ್ಳೆ ಅಂಜಲು ತೋರಿಸಿದ್ರೆ ಬೇಡ ಅಂತಾಳೆ. ಅವಳಿಗೆ ಹೊಳೆಯ ಮುಗುಡು ಮೀನೇ ಆಗಬೇಕು. ಅದನ್ನು ಎಂತ ಮಾಡ್ತಾಳೆ ಗೊತ್ತುಂಟಾ? ಬಾಳೆದಂಡು ಹಾಕಿ ಬೇಯಿಸ್ತಾಳೆ!"

"ಶೀ! ಮೀನಿಗೆ ಬಾಳೆದಂಡಾ?" ಎಂದಳು ಜೆಸ್ಸಿ.

ಒಳಗೆ ಜಡೆ ಹೆಣೆದುಕೊಳ್ಳುತ್ತಿದ್ದ ಮಗ್ದಲೀನಳ ಕೈ ನಿಂತುಹೋಯಿತು. ಅರ್ಧ ಹೆಣೆದ ಜಡೆಯಲ್ಲೇ ಹೊರಗೆ ಬಂದು, "ಎಲ್ಲಿ? ಬಂದರಿನಲ್ಲಿ ಎಲ್ಲಿ?" ಎಂದು ಕೇಳಿದಳು.

ಅಂದು ಶಾಲೆ ಬಿಟ್ಟ ಮೇಲೆ ಅವಳು ನಡೆದೇ ಹೋದಳು. ದೋಣಿಗಳು ತಂಗುವ ಧಕ್ಕೆಯ ಹತ್ತಿರ, ಹೆಂಚಿನ ರಾಶಿಗಳ ಹಿಂದೆ, ತಗಡು ಹೊದಿಸಿದ ಒಂದು ಶೆಡ್ಡು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ರಂಗೂನ್ ಹೋಟೆಲು' ಎಂದು ಬರೆದಿತ್ತು. ಒಳಗೆ ಎರಡು ಬೆಂಚು. ಮಂಜಿ ಎಂಬ ಹಾಯಿಹಡಗಿನ ಖಲಾಸಿಗಳು ಮೂವರು ಚಹಾ ಕುಡಿಯುತ್ತಿದ್ದರು. ಕ್ರಿಸ್ತಾಂವ ಟೀಚರಮ್ಮ ಬಾಗಿಲಲ್ಲಿ ನಿಂತದ್ದು ಕಂಡು ಅವರು ಎದ್ದು ಹೊರಗೆ ಹೋದರು. ಬಿಳಿಗಡ್ಡದ ಮೊಯ್ದೀನಬ್ಬ ಗಾಬರಿಯಿಂದ ಹೆಗಲ ಮೇಲಿನ ಬಟ್ಟೆ ತೆಗೆದು ಬೆಂಚು ಒರೆಸಿದ.

ಒಲೆಯ ಮುಂದೆ ಕುಳಿತಿದ್ದ ಹೆಂಗಸು ತಿರುಗಿ ನೋಡಿದಳು. ನಲವತ್ತೈದರ ವಯಸ್ಸು, ಬಾಡಿದ ಮುಖ. ಯಾರಿಗೂ ಅರ್ಥವಾಗುವುದಿಲ್ಲವೆಂದು ಗೊತ್ತಿದ್ದೂ, ತನ್ನ ಊರಿನಲ್ಲಿ ಮನೆಗೆ ಬಂದವರನ್ನು ಕೇಳುವ ಹಾಗೆ ಕೇಳಿದಳು. "ಸಾ ಪೀ ಬೀ ಲಾ?"

ಊಟವಾಯಿತೇ ಎಂದು ಅದರ ಅರ್ಥ. ಇಪ್ಪತ್ತೆರಡು ವರ್ಷಗಳಿಂದ ಮಗ್ದಲೀನ್ ಅದನ್ನು ಕೇಳಿರಲಿಲ್ಲ. ಮಧ್ಯಾಹ್ನದಿಂದ ಅವಳು ಏನೂ ತಿಂದಿರಲಿಲ್ಲ, ಆದರೂ ಬಾಯಿಂದ ತಾನಾಗಿಯೇ ಬಂದದ್ದು ಮರ್ಯಾದೆಯ ಉತ್ತರ. "ಸಾ ಪೀ ಬೀ." ಆಯಿತು.

ಹೆಂಗಸಿನ ಕೈಯ ಸೌಟು ಒಲೆಗೆ ಬಿತ್ತು. ಆಮೇಲೆ ಅವಳು ನಕ್ಕಳು, ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. "ಟೀಚರೇ," ಎಂದ ಮೊಯ್ದೀನಬ್ಬ, "ಈ ಊರಿಗೆ ಬಂದ ಮೇಲೆ ಇವಳು ನಕ್ಕದ್ದು ಇವತ್ತೇ."

ಅವಳ ಹೆಸರು ಮಾ ಟಿನ್. ಮೊಯ್ದೀನಬ್ಬ ಹುಡುಗನಾಗಿದ್ದಾಗ ಹಡಗು ಹತ್ತಿ ರಂಗೂನಿಗೆ ಹೋಗಿ, ಅಲ್ಲಿ ಚಹಾದಂಗಡಿ ಇಟ್ಟು, ಅವಳನ್ನು ನಿಕಾಹ್ ಮಾಡಿಕೊಂಡು ನೆಲೆಯೂರಿದ್ದವನು. ಮಕ್ಕಳಾಗಲಿಲ್ಲ. ಬರ್ಮಾದಲ್ಲಿ ಹೊಸ ಸರಕಾರ ಬಂದು ಅಂಗಡಿಗಳನ್ನೆಲ್ಲ ತನ್ನದು ಮಾಡಿಕೊಂಡು, ಹೊರಗಿನವರು ಹೊರಡಿ ಎಂದಿತು. ಹಡಗು ಹತ್ತುವಾಗ ರಂಗೂನಿನ ಧಕ್ಕೆಯಲ್ಲಿ ಮಾ ಟಿನ್‌ಳ ಕಿವಿಯ ಓಲೆಯನ್ನೂ ಬಿಚ್ಚಿಸಿಕೊಂಡರು. ಮಂಗಳೂರಿನಲ್ಲಿ ಅವನ ಅಣ್ಣಂದಿರು ಈ ಶೆಡ್ಡು ಬಿಟ್ಟುಕೊಟ್ಟರು, ಮನೆಯೊಳಗೆ ಕರೆಯಲಿಲ್ಲ. ಗಂಡನ ಊರಿನ ಹೆಂಗಸರ ಮಾತು ಅವಳಿಗೆ ತಿಳಿಯದು, ಅವಳ ಮಾತು ಅವರಿಗೆ ತಿಳಿಯದು.

ಆ ಸಂಜೆ ಮಗ್ದಲೀನಳ ಮುಂದೆ ಬಟ್ಟಲು ಬಂತು. ಬಿಸಿ ಸಾರಿನ ಮೇಲೆ ಹುರಿದ ಬೆಳ್ಳುಳ್ಳಿ, ಕೆಳಗೆ ಮಂಗಳೂರಿನದೇ ಒತ್ತು ಶ್ಯಾವಿಗೆ. ಮೀನು, ಬಾಳೆದಂಡು, ಮಜ್ಜಿಗೆಹುಲ್ಲು. ಅವಳು ಬಗ್ಗಿ ತಿಂದಳು, ತಲೆಯೆತ್ತಲೇ ಇಲ್ಲ. ಮಾ ಟಿನ್ ಪಕ್ಕದಲ್ಲಿ ಕುಳಿತು, ತಿನ್ನುವವಳ ಬೆನ್ನಿನ ಮೇಲೆ ಕೈಯಿಟ್ಟಳು.

ಅಂದಿನಿಂದ ಭಾನುವಾರ ಪೂಜೆ ಮುಗಿಸಿದ ಮಗ್ದಲೀನ್ ಮನೆಗೆ ಬರುತ್ತಿರಲಿಲ್ಲ, ಬಂದರಿಗೆ ಇಳಿಯುತ್ತಿದ್ದಳು. ಮೊದಮೊದಲು ಅವಳ ಬರ್ಮೀ ಮಾತು ತುಕ್ಕು ಹಿಡಿದ ಬಾಗಿಲಿನ ಹಾಗೆ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕ್ರಮೇಣ ಸಡಿಲವಾಯಿತು. ಮಾ ಟಿನ್ ಅವಳನ್ನು ತಂಗಿ ಎಂದು ಕರೆದಳು. ಮಳೆ ಹಿಡಿದ ಒಂದು ಭಾನುವಾರ, ಗಿರಾಕಿಗಳಿಲ್ಲದ ಶೆಡ್ಡಿನಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಾಗ ಮಾ ಟಿನ್ ಕೇಳಿದಳು, "ನಿನ್ನ ಅಮ್ಮ ಎಲ್ಲಿ?"

ಮಗ್ದಲೀನ್ ಹೇಳಿದಳು. ಅರಾಕಾನಿನ ಗುಡ್ಡದಲ್ಲಿ ಅಮ್ಮನಿಗೆ ವಾಂತಿಭೇದಿ ಹತ್ತಿತು. ನೀರು ಕೇಳಿದಳು. ಹಳ್ಳದ ನೀರು ಕುಡಿಸಬೇಡಿ ಎಂದು ಜೊತೆಯವರು ಹೇಳಿದ್ದರಿಂದ ಅಪ್ಪ ಕುಡಿಸಲಿಲ್ಲ. ಸಂಜೆಗೆ ಅಮ್ಮನಿಗೆ ಏಳಲಾಗಲಿಲ್ಲ, ಹಿಂದಿನಿಂದ ಬರುತ್ತಿದ್ದ ಜನ ನಿಲ್ಲಲು ಬಿಡಲಿಲ್ಲ. ಅಪ್ಪ ಮಗಳ ಕೈ ಹಿಡಿದು ಎಳೆದುಕೊಂಡು ಹೊರಟ. ಅಮ್ಮನಿಗೆ ಇನ್ನೂ ಉಸಿರಿತ್ತು. ಮಗಳು ತಿರುಗಿ ನೋಡಿದಾಗ ಅವಳು ಕಣ್ಣು ಬಿಟ್ಟುಕೊಂಡೇ ಇದ್ದಳು.

ಇದನ್ನು ಅವಳು ಪೌಲನಿಗೆ ಹೇಳಿರಲಿಲ್ಲ. ಪಾಪನಿವೇದನೆಯಲ್ಲಿ ಪಾದ್ರಿಗೂ ಹೇಳಿರಲಿಲ್ಲ. ಅಮ್ಮ ಜ್ವರದಿಂದ ಸತ್ತಳು, ಗುಂಡಿ ತೋಡಿ ಶಿಲುಬೆ ನೆಟ್ಟು ಬಂದೆವು ಎಂದು ಅಪ್ಪ ಎಲ್ಲರಿಗೂ ಹೇಳಿದ್ದ, ಅವಳೂ ಹಾಗೇ ಹೇಳುತ್ತ ಬಂದಿದ್ದಳು. ಕೊಂಕಣಿಯಲ್ಲಿ, ಕನ್ನಡದಲ್ಲಿ ಅದು ಬಾಯಿಗೆ ಬರುತ್ತಲೇ ಇರಲಿಲ್ಲ. ಮಾ ಟಿನ್ ಸುಲಿದ ಬೆಳ್ಳುಳ್ಳಿಯನ್ನು ಬದಿಗೆ ಸರಿಸಿ, ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಹೋಟೆಲು ನಡೆಯುತ್ತಿರಲಿಲ್ಲ. ದೂರದ ಬಂದರುಗಳ ರುಚಿ ಕಂಡ ಖಲಾಸಿಗಳು ಬಂದರೆ ಬಂದರು. ಮಳೆಗಾಲದಲ್ಲಿ ಮಂಜಿಗಳು ನಿಂತರೆ ಅದೂ ಇಲ್ಲ. ಏನಾದರೂ ಸಹಾಯವಾಗಲಿ ಎಂದು ಮಗ್ದಲೀನ್ ಒಮ್ಮೆ ತನ್ನ ಶಾಲೆಯ ನೆಲ್ಲಿ ಟೀಚರನ್ನೂ, ರಜೆಗೆ ಬಂದಿದ್ದ ಸೈಮನ್‌ನನ್ನೂ, ಪೌಲ್ ಮತ್ತು ಜೆಸ್ಸಿಯನ್ನೂ ಒತ್ತಾಯ ಮಾಡಿ ಕರೆತಂದಳು. ಮಾ ಟಿನ್ ಬೆಳಿಗ್ಗೆಯಿಂದ ಅಡಿಗೆ ಮಾಡಿದ್ದಳು. ಎಲ್ಲಿಂದಲೋ ಕೇದಗೆ ತಂದು ಜಡೆಗೆ ಮುಡಿದಿದ್ದಳು.

ನೆಲ್ಲಿ ಕರವಸ್ತ್ರ ಮೂಗಿಗೆ ಹಿಡಿದಳು. ಸೈಮನ್ ಬಟ್ಟಲನ್ನು ತಿರುಗಿಸಿ ನೋಡಿ, "ಇದು ಚೈನೀಸ್ ಅಲ್ಲ ಮಾರಾಯ್ತಿ. ಚೈನೀಸ್ ಅಂದ್ರೆ ಸೋಯಾ ಸಾಸ್ ಬೇಕು, ಫ್ರೈಡ್ ರೈಸ್ ಬೇಕು. ಬೊಂಬಾಯಿಗೆ ಬಾ, ತೋರಿಸ್ತೇನೆ" ಎಂದ.

"ಇದು ಚೈನೀಸ್ ಅಂತ ನಾನು ಹೇಳಲಿಲ್ಲ," ಎಂದಳು ಮಗ್ದಲೀನ್.

"ಮತ್ತೆ ಎಂತದ್ದು ಇದು? ಬೆಕ್ಕಿಗೆ ಹಾಕುವ ಸಾರಾ?" ಎಂದು ನೆಲ್ಲಿ ನಕ್ಕಳು. ಜೆಸ್ಸಿಯೂ ನಕ್ಕಳು. ಪೌಲ್ ಮಾತ್ರ ನಾಲ್ಕು ಚಮಚ ತಿಂದು, ತಂಗಿಯ ಮುಖ ನೋಡಿ, ಐದನೆಯದಕ್ಕೆ ಕೈ ಹಾಕಲಾರದೆ ಚಮಚ ಕೆಳಗಿಟ್ಟ.

ಮಾ ಟಿನ್‌ಗೆ ಮಾತು ತಿಳಿಯದಿದ್ದರೂ ಕರವಸ್ತ್ರ ತಿಳಿಯಿತು. ಅವರು ಹೋದ ಮೇಲೆ ತುಂಬಿದ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ಹೊಳೆಯ ದಂಡೆಗೆ ಒಯ್ದು ಸುರಿದಳು. ಮಗ್ದಲೀನ್ ಹಿಂದೆಯೇ ಹೋಗಿ, "ಅಕ್ಕಾ, ತಪ್ಪಾಯಿತು" ಎಂದಳು. ಮಾ ಟಿನ್, "ಅವರ ಬಾಯಿ ಬೇರೆ, ತಂಗಿ. ಅದರಲ್ಲಿ ಯಾರ ತಪ್ಪೂ ಇಲ್ಲ" ಎಂದಳು. ಆದರೆ ಮುಂದೆ ಅವಳು ಮೊಹಿಂಗಾವನ್ನು ಮಗ್ದಲೀನಳಿಗಾಗಿ ಮಾತ್ರ ಮಾಡಿದಳು. ಗಿರಾಕಿಗಳಿಗೆ ಮೊಯ್ದೀನಬ್ಬ ಬರೀ ಚಹಾ, ಬನ್ಸು ಮಾರಿದ. ಬಾಗಿಲ ಮೇಲಿನ ಸೀಮೆಸುಣ್ಣದ ಅಕ್ಷರ ಮಳೆಗೆ ತೊಳೆದುಹೋಯಿತು. ಯಾರೂ ಮತ್ತೆ ಬರೆಯಲಿಲ್ಲ.

ಅರವತ್ತಾರರ ಚಳಿಗಾಲದಲ್ಲಿ ಮಾ ಟಿನ್ ಕೃಶವಾಗತೊಡಗಿದಳು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಊರಿನ ನೀರು ಒಗ್ಗಲಿಲ್ಲ ಎಂದು ಅವಳೇ ಹೇಳಿ ತಳ್ಳಿಹಾಕುತ್ತಿದ್ದಳು. ಒಂದು ದಿನ ಒಲೆಯ ಮುಂದೆಯೇ ಕುಸಿದಳು. ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಗಂಡಸರಿಗೆ ಇರಲು ಬಿಡುತ್ತಿರಲಿಲ್ಲವಾದ್ದರಿಂದ ಮಗ್ದಲೀನ್ ಶಾಲೆಯಿಂದ ನೇರ ಅಲ್ಲಿಗೆ ಹೋಗತೊಡಗಿದಳು. ಎಲ್ಲಿ ನೋವು, ಯಾವಾಗಿನಿಂದ, ಹೇಗೆ, ಎಲ್ಲ ಅವಳ ಬಾಯಿಂದಲೇ ಡಾಕ್ಟರಿಗೆ ತಲುಪಬೇಕು. ಡಾಕ್ಟರು ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅವಳನ್ನು ವರಾಂಡಕ್ಕೆ ಕರೆದು, ಹೊಟ್ಟೆಯ ಕ್ಯಾನ್ಸರು, ಮೀರಿದೆ, ಕೊಯ್ದು ಪ್ರಯೋಜನವಿಲ್ಲ ಎಂದರು.

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಮೊಯ್ದೀನಬ್ಬನಿಗೆ ಅವಳು ಅದನ್ನು ಹೇಳಿದಳು. ಅವನು ಬಹಳ ಹೊತ್ತು ತನ್ನ ಟೊಪ್ಪಿಯನ್ನು ಮಡಚುತ್ತ ಬಿಚ್ಚುತ್ತ ಕುಳಿತ.

"ಅವಳಿಗೆ ಹೇಳ್ಬೇಡಿ ಟೀಚರೇ."

"ಕೇಳಿದ್ರೆ?"

"ಕೇಳ್ತಾಳೆ. ಅವಳು ಕೇಳದೆ ಇರುವವಳಲ್ಲ."

"ಆ ಕಾಯಿಲೆಗೆ ಬರ್ಮೀಯಲ್ಲಿ ಎಂತ ಹೇಳ್ತಾರೆ ಕಾಕಾ? ನನಗೆ ಆ ಪದ ಗೊತ್ತಿಲ್ಲ."

"ನನಗೆ ಗೊತ್ತುಂಟು," ಎಂದ ಮೊಯ್ದೀನಬ್ಬ. "ನಿಮಗೆ ಹೇಳಿಕೊಡುವುದಿಲ್ಲ."

ಮರುದಿನ ಮಾ ಟಿನ್ ಕೇಳಿಯೇಬಿಟ್ಟಳು. "ಡಾಕ್ಟರು ಏನೆಂದರು?" ಮಗ್ದಲೀನ್ ಬಾಯಿ ತೆರೆದಳು. ತನ್ನಲ್ಲಿರುವ ಬರ್ಮೀ ಮಾತೆಲ್ಲ ಹದಿನಾಲ್ಕು ವರ್ಷದ ಹುಡುಗಿಯದು ಎಂದು ಅವಳಿಗೆ ತಿಳಿದದ್ದು ಆಗ. ತಿಂಡಿಯ ಹೆಸರು, ಆಟದ ಮಾತು, ಅಮ್ಮನಿಗೆ ದೂರು ಹೇಳುವ ಮಾತು, ಮಳೆ, ಹಸಿವು, ಹೆದರಿಕೆ, ಎಲ್ಲ ಇದ್ದವು. ದೊಡ್ಡವರು ದೊಡ್ಡವರಿಗೆ ಸಾವಿನ ಸುದ್ದಿಯನ್ನು ಮೆತ್ತಗೆ ಮಾಡಿ ಹೇಳುವ ಮಾತುಗಳನ್ನು ಕಲಿಯುವ ಮೊದಲೇ ಅವಳು ಆ ನಾಡು ಬಿಟ್ಟಿದ್ದಳು. ಕೊನೆಗೆ, ಮಕ್ಕಳು ಹೇಳುವ ಹಾಗೆ ಹೇಳಿದಳು. "ಅಕ್ಕಾ, ಹೊಟ್ಟೆ ಒಳ್ಳೆಯದಿಲ್ಲ. ಒಳ್ಳೆಯದಾಗುವುದಿಲ್ಲ."

ಮಾ ಟಿನ್ ತಲೆಯಾಡಿಸಿದಳು. ಕಿಟಕಿಯ ಕಡೆ ಮುಖ ತಿರುಗಿಸಿ, "ನನ್ನನ್ನು ಎಲ್ಲಿ ಹೂಳುತ್ತಾರೆ? ಇಲ್ಲಿಯೇನಾ?" ಎಂದು ಕೇಳಿದಳು.

"ಇಲ್ಲಿಯೇ."

"ಇಲ್ಲಿ ಯಾರೂ ನನ್ನ ಗುರುತಿನವರಿಲ್ಲ," ಎಂದಳು ಮಾ ಟಿನ್.

ಮೊಹಿಂಗಾ ಬೇಕೆನಿಸುತ್ತದೆ ಎಂದು ಅವಳು ಒಮ್ಮೆ ಹೇಳಿದಳು. ಮಗ್ದಲೀನ್ ಅಷ್ಟು ಭಾನುವಾರ ತಿಂದಿದ್ದಳೇ ಹೊರತು ಮಾಡಲು ಕಲಿತಿರಲಿಲ್ಲ. ಅಮ್ಮಣಿಯಿಂದ ಮುಗುಡು ತರಿಸಿ, ನೆನಪಿದ್ದಷ್ಟು ಹಾಕಿ, ಜೆಸ್ಸಿಯ ಅಡಿಗೆಮನೆಯಲ್ಲಿ ಬೇಯಿಸಿದಳು. ಜೆಸ್ಸಿ ಮೊದಲು ಗೊಣಗಿದಳು. ನಾದಿನಿ ಬಾಳೆದಂಡನ್ನು ಅಡ್ಡಾದಿಡ್ಡಿ ಕೊಯ್ಯುವುದು ಕಂಡು, ಮಣೆ ಎಳೆದುಕೊಂಡು ತಾನೇ ಹೆಚ್ಚಿಕೊಟ್ಟಳು. ಮುಚ್ಚಳದ ತೂಗುಪಾತ್ರೆಯಲ್ಲಿ ಒಯ್ದ ಸಾರನ್ನು ಮಾ ಟಿನ್ ಎರಡು ಚಮಚ ಕುಡಿದು ಕಣ್ಣು ಮುಚ್ಚಿದಳು. "ಹುರಿದ ಅಕ್ಕಿಯ ಪುಡಿ ಮರೆತಿದ್ದೀ. ಮೀನನ್ನು ಅರಿಶಿನದಲ್ಲಿ ಬಾಡಿಸಲಿಲ್ಲ. ಹಸಿವಾಸನೆ ಉಳಿದಿದೆ," ಎಂದಳು. ಮೂರನೆಯ ಚಮಚ ಒಳಗೆ ಹೋಗಲಿಲ್ಲ.

ಹುರಿದ ಅಕ್ಕಿಪುಡಿ ಹಾಕಿ ಮತ್ತೊಮ್ಮೆ ಮಾಡಿಕೊಂಡು ಬರುವೆನೆಂದು ಮಗ್ದಲೀನ್ ಹೇಳಿದ್ದಳು. ಅದಕ್ಕೆ ಅವಕಾಶವಾಗಲಿಲ್ಲ. ಮಾ ಟಿನ್‌ಗೆ ಜ್ವರ ಏರಿತು. ಕೊನೆಯ ದಿನಗಳಲ್ಲಿ ಅವಳು ಮಗ್ದಲೀನಳನ್ನು ಯಾರ್ಯಾರ ಹೆಸರಿನಿಂದಲೋ ಕರೆದಳು. ಎಲ್ಲದಕ್ಕೂ ಮಗ್ದಲೀನ್ ಓಗೊಟ್ಟಳು. ಒಂದು ಮಧ್ಯಾಹ್ನ ಅವಳು ನೀರು ಕೇಳಿದಳು. ಬಾಯಿಗೆ ಏನೂ ಹಾಕಬಾರದೆಂದು ನರ್ಸು ಹೇಳಿ ಹೋಗಿದ್ದಳು. ಮಗ್ದಲೀನ್ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ, ಅವಳ ತಲೆಯೆತ್ತಿ, ಸಾಕೆನ್ನುವವರೆಗೆ ಕುಡಿಸಿದಳು. ಮಾ ಟಿನ್ ಸತ್ತದ್ದು ಅದರ ಮಾರನೆಯ ದಿನ.

ದಫನಕ್ಕೆ ಹೆಂಗಸರು ಹೋಗುವ ಕ್ರಮವಿಲ್ಲ. ಮಗ್ದಲೀನ್ ಕಬರಸ್ಥಾನದ ಗೋಡೆಯ ಹೊರಗೆ ರಸ್ತೆಯಲ್ಲಿ ನಿಂತಿದ್ದಳು. ಪೌಲ್ ಕೊಡೆ ಹಿಡಿದು ಪಕ್ಕದಲ್ಲಿ ನಿಂತ. ಅವಳು ಹೇಳಿ ಕಳಿಸಿರಲಿಲ್ಲ, ಅವನೇ ಬಂದಿದ್ದ. ಮನೆಗೆ ಹೋಗುವ ದಾರಿಯಲ್ಲಿ ಅವಳು ಅವನಿಗೆ ಅಮ್ಮನ ವಿಷಯ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಅವನ ತಲೆಯಲ್ಲಿ ಗುಡ್ಡದ ಮೇಲಿನ ಒಂದು ಸಮಾಧಿ, ಅದರ ಮೇಲೊಂದು ಶಿಲುಬೆ ಇತ್ತು. ಅದನ್ನು ಕಿತ್ತುಹಾಕಲು ಅವಳಿಗೆ ಮನಸ್ಸಾಗಲಿಲ್ಲ.

ಶೆಡ್ಡು ಮುಚ್ಚಿತು. ಅಣ್ಣಂದಿರು ಈಗ ಮೊಯ್ದೀನಬ್ಬನನ್ನು ಮನೆಗೆ ಕರೆದುಕೊಂಡರು. ಅವನು ಅವರ ಜಗಲಿಯಲ್ಲಿ ಬೀಡಿ ಕಟ್ಟುತ್ತ ಕುಳಿತಿರುತ್ತಿದ್ದ. ಒಂದು ಭಾನುವಾರ ಮಗ್ದಲೀನ್ ಅವನನ್ನು ನೋಡಲು ಹೋದಳು. ಮಂಗಳೂರಿನಲ್ಲಿ ಆ ಮಾತು ಬಲ್ಲವನು ಇನ್ನು ಅವನೊಬ್ಬನೇ. ಮೆಟ್ಟಿಲ ಬಳಿ ನಿಂತು ಬರ್ಮೀಯಲ್ಲಿ, ಹೇಗಿದ್ದೀರಿ ಎಂದು ಕೇಳಿದಳು. ಮೊಯ್ದೀನಬ್ಬನ ಕೈಯ ಎಲೆ ಜಾರಿತು. ಅವನು ತಲೆಯೆತ್ತದೆ ಹೇಳಿದ.

"ಆ ಮಾತು ಬೇಡ ಟೀಚರೇ. ಕನ್ನಡದಲ್ಲೇ ಹೇಳಿ."

ಅವಳು ಕನ್ನಡದಲ್ಲಿ ಕೇಳಿದಳು. ಅವನು ಚೆನ್ನಾಗಿದ್ದೇನೆ ಎಂದ. ಮತ್ತೊಂದು ಎಲೆ ಎತ್ತಿಕೊಂಡ. ಮುಂದಿನ ಭಾನುವಾರದಿಂದ ಅವಳು ಪೂಜೆ ಮುಗಿಸಿ ನೇರ ಮನೆಗೆ ಬಂದಳು.

ಅರವತ್ತೊಂಬತ್ತರಲ್ಲಿ ಹಂಪನಕಟ್ಟೆಯ ಹತ್ತಿರ ನಿಜವಾದ ಒಂದು ಚೈನೀಸ್ ರೆಸ್ಟೊರೆಂಟು ಬಂತು. ಕಲ್ಕತ್ತೆಯಿಂದ ಬಂದ ಅಡಿಗೆಯವನು, ಕೆಂಪು ಕಾಗದದ ದೀಪಗಳು, ಗೋಡೆಯ ಮೇಲೆ ಘಟಸರ್ಪದ ಚಿತ್ರ. ಕ್ರಿಸ್ಮಸ್ಸಿನ ವಾರದಲ್ಲಿ ಪೌಲ್ ಎಲ್ಲರನ್ನೂ ಕರೆದೊಯ್ದ. ಮೊದಲೇ ಹೇಳಿ ಮೇಜು ಕಾಯ್ದಿರಿಸಿದವಳು ಜೆಸ್ಸಿಯೇ. ಅಡಿಗೆಮನೆಯ ಬಾಗಿಲು ತೆರೆದಾಗಲೆಲ್ಲ ಎಲುಬಿನ ಸಾರಿನ ಹಬೆ ಹೊರಗೆ ಬರುತ್ತಿತ್ತು. ಮಗ್ದಲೀನ್ ನೂಡಲ್ಸು ತಿಂದಳು, ಸಾರು ಕುಡಿದಳು, ಬಡಿಸಿದ್ದೆಲ್ಲವನ್ನೂ ಉಳಿಸದೆ ತಿಂದಳು. ಜೆಸ್ಸಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಹೇಗುಂಟು? ಸರಿ ಉಂಟಾ?"

"ಚೆನ್ನಾಗಿ ಉಂಟು."

"ಎಷ್ಟು ವರ್ಷ ಹುಡುಕಿದಿ ಮಾರಾಯ್ತಿ. ಕಡೆಗೂ ನಮ್ಮ ಊರಿಗೇ ಬಂತಲ್ಲ!"

"ಹೌದು, ಬಂತು," ಎಂದಳು ಮಗ್ದಲೀನ್. ಅತ್ತಿಗೆಗೆ ಬೇಸರವಾಗಬಾರದೆಂದು ಇನ್ನೂ ಸ್ವಲ್ಪ ಹಾಕಿಸಿಕೊಂಡು ತಿಂದಳು.